ಲಕ್ಕವ್ವನ ಬಾಗಿಲ ಮುಂದಿನ ಡಾಂಬರು

ಡಾಂಬರು ಹಾಕಿದರೆ ಎಷ್ಟು ವರ್ಷ ಬಾಳುತ್ತದೆ ಎಂದು ಯಾರಾದರೂ ಕೇಳಿದರೆ ನಾನೀಗ ಬಾಯಿ ಬಿಡುವುದಿಲ್ಲ. ಹಾಕಿಸಿಕೊಂಡ ಮೇಲೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಮೊದಲು ಹೀಗಿರಲಿಲ್ಲ. ತಿಕೋಟಾದಿಂದ ವಿಜಾಪುರಕ್ಕೆ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವನು ಕೇಳಲಿ ಬಿಡಲಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಈ ತುಂಡು ನನ್ನದು, ಆ ತಿರುವು ನನ್ನದು ಎಂದು ತೋರಿಸುತ್ತಿದ್ದೆ. ನನ್ನ ಹೆಂಡತಿ ಗುರುಬಾಯಿ, "ರಸ್ತಾ ಸರಕಾರದ್ದು, ಬಾಯಿ ಅಷ್ಟ ನಿಮ್ಮದು" ಎಂದು ನಗುತ್ತಿದ್ದಳು.

ನಾನು ಹುಟ್ಟಿದ್ದು ಬಿಜ್ಜರಗಿಯಲ್ಲಿ, ಕುರಿ ಕಾಯುವ ಮನೆಯಲ್ಲಿ. ಹರೆಯದಲ್ಲಿ ಕೋಲು ಬಿಸಾಕಿ ಗುತ್ತಿಗೆದಾರರ ಕೈಕೆಳಗೆ ಖಡಿ, ಅಂದರೆ ರಸ್ತೆಯ ಜಲ್ಲಿಕಲ್ಲು, ಒಡೆಯಲು ಹೋದವನು, ಹದಿನೈದು ವರ್ಷ ಡಾಂಬರಿನ ಹೊಗೆ ಕುಡಿದು ಮೇಸ್ತ್ರಿಯಾದೆ. ಆಮೇಲೆ ತಿಕೋಟಾದಲ್ಲಿ ಮನೆ ಮಾಡಿದೆ. ಶಂಕರೆಪ್ಪ ಮೇಸ್ತ್ರಿ ಎಂದರೆ ಆ ಕಡೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದೆ ಎಂಬುದು ನನಗೂ ಬಹಳ ಗೊತ್ತಿತ್ತು, ಅದೇ ತೊಂದರೆಯಾಯಿತು.

೧೯೭೪ರ ಬೇಸಿಗೆಯಲ್ಲಿ ಬಬಲೇಶ್ವರದ ಬಸಗೊಂಡಪ್ಪ ಸಾವಕಾರರಿಂದ ಕರೆ ಬಂತು. ಕುಸುಬಿ, ಜೋಳದ ವ್ಯಾಪಾರ ಅವರದು. ಊರಾಚೆ, ಎರೆಹೊಲದ ಅಂಚಿನಲ್ಲಿ ದೊಡ್ಡ ಮನೆ. ರಸ್ತೆಯ ಗೇಟಿನಿಂದ ಬಾಗಿಲ ಕಟ್ಟೆಯ ತನಕ ಅರವತ್ತು ಹೆಜ್ಜೆ ಅಂಗಳ. ಹಿಂದಿನ ವರ್ಷದ ಮಳೆಗಾಲದಲ್ಲಿ ಅವರು ತಂದ ಹೊಸ ಜೀಪು ಆ ಅರವತ್ತು ಹೆಜ್ಜೆಯೊಳಗೇ ಹೂತುಕೊಂಡಿತ್ತು. ಎರೆಮಣ್ಣು ಮಳೆ ಬಿದ್ದರೆ ಉಬ್ಬಿ ಅಂಟುತ್ತದೆ, ಬಿಸಿಲು ಬಿದ್ದರೆ ಕೈ ತೂರುವಷ್ಟು ಬಿರಿಯುತ್ತದೆ. ಜೀಪು ನೋಡಲು ಬಂದ ಊರವರು, ಎರಡು ಜೋಡಿ ಎತ್ತು ಅದನ್ನು ಎಳೆಯುವುದನ್ನು ನೋಡಿ ಮನೆಗೆ ಹೋದರು. ಸಾವಕಾರರಿಗೆ ಅದು ಮನಸ್ಸಿಗೆ ಹತ್ತಿತು. ಗೇಟಿನಿಂದ ಕಟ್ಟೆಯವರೆಗೆ ಡಾಂಬರು ಹಾಕಿಸಿಯೇ ಬಿಡುತ್ತೇನೆ ಎಂದರು. ಆಗ ವಿಜಾಪುರದಲ್ಲಿಯೂ ಮನೆಯಂಗಳಕ್ಕೆ ಡಾಂಬರು ಹಾಕಿಸಿದವರನ್ನು ನಾನು ನೋಡಿರಲಿಲ್ಲ.

ನನ್ನ ಹೆಸರು ಹೇಳಿದವಳು ಅವರ ಹೆಂಡತಿ ಲಕ್ಕವ್ವ. ಅವಳ ತವರು ಬಿಜ್ಜರಗಿ. ಜಾತಿ ಬೇರೆ, ಓಣಿ ಬೇರೆ, ಆದರೆ ಊರ ಮಗಳು ಎಂದ ಮೇಲೆ ತಂಗಿಯೇ. ನಾನು ಗೇಟಿನೊಳಗೆ ಕಾಲಿಟ್ಟ ಕೂಡಲೇ ಸೆರಗು ಸರಿಮಾಡಿಕೊಂಡು ಕಟ್ಟೆ ಇಳಿದು ಬಂದಳು.

"ಬಾ ಅಣ್ಣಾ. ನಮ್ಮೂರಾಗ ಒಬ್ಬಾಂವ ಮೇಸ್ತ್ರಿ ಅದಾನ, ಅವನ್ನ ಕರಸ್ರಿ ಅಂತ ನಾನ ಹೇಳೇನಿ. ನನ್ನ ಮಾತು ಉಳಸು ಮತ್ತ."

"ನಿನ್ನ ಮಾತು ಇಪ್ಪತ್ತ ವರ್ಷ ಉಳೀತೈತಿ ತಂಗೆವ್ವ" ಎಂದೆ.

ಕೆಲಸವನ್ನು ಮಾತ್ರ ಒಳ್ಳೆಯ ರೀತಿಯಲ್ಲೇ ಶುರು ಮಾಡಿದೆ. ಅದನ್ನಾದರೂ ಹೇಳಿಕೊಳ್ಳುತ್ತೇನೆ. ಎರೆಮಣ್ಣನ್ನು ಮೊಣಕಾಲಾಳ ತೆಗೆಸಿ ಗಟ್ಟಿ ಗರಸು ಮಣ್ಣು ತುಂಬಿಸಿದೆ. ಅದರ ಮೇಲೆ ದಪ್ಪ ಖಡಿ ಹರಡಿ, ನೀರು ಹೊಡೆದು, ಕಲ್ಲಿನ ರೋಲರು ಎಳೆಸಿ ಎಂಟು ದಿನ ಕುಳ್ಳಿರಿಸಿದೆ. ಎರಡೂ ಮಗ್ಗುಲಿಗೆ ನೀರು ಹರಿಯಲು ಕಾಲುವೆ ಕೊಟ್ಟೆ. ಡಾಂಬರು ಕಾಯಿಸುವವನು ಕಾಸಿಮಸಾಬ. ನನಗಿಂತ ಹತ್ತು ವರ್ಷ ದೊಡ್ಡವನು, ನನಗೆ ಬೆಂಕಿಯ ಮುಂದೆ ನಿಲ್ಲುವುದನ್ನು ಕಲಿಸಿದವನು. ನಾನು ಮೇಸ್ತ್ರಿಯಾದ ಮೇಲೆ ಅವನೇ ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದ್ದ. ಬೇಡ ಎಂದು ನಾನು ಒಂದು ದಿನವೂ ಹೇಳಲಿಲ್ಲ.

ವಿಜಾಪುರದಿಂದ ಎರಡು ಡ್ರಮ್ಮು ಡಾಂಬರು ತರಿಸಿದ್ದೆವು. ಮೊದಲನೆಯದು ಗೇಟಿನಿಂದ ನಲವತ್ತೈದು ಹೆಜ್ಜೆಯವರೆಗೆ ಬಂತು. ಬಾಗಿಲ ಮುಂದಿನ ಹದಿನೈದು ಹೆಜ್ಜೆ ಎರಡನೆಯ ಡ್ರಮ್ಮಿಗೆ ಉಳಿಯಿತು. ಅದನ್ನು ಒಲೆಯ ಮೇಲೇರಿಸುವ ಹೊತ್ತಿಗೆ ಮಧ್ಯಾಹ್ನ. ಆಳುಗಳು ಬುತ್ತಿ ಬಿಚ್ಚಲು ಬೇವಿನ ಗಿಡದ ಕೆಳಗೆ ಹೋದರು. ಕಾಸಿಮಸಾಬ ಒಬ್ಬನೇ ಒಲೆಯ ಹತ್ತಿರ ಉಳಿದ. ಆಗ ಸಾವಕಾರರು ಕಟ್ಟೆಯ ಮೇಲಿಂದ ಕರೆದರು.

"ಏ ಮೇಸ್ತ್ರಿ, ಮ್ಯಾಲ ಬಾ. ಇಲ್ಲೇ ಕುಂದ್ರು, ನಮ್ಮ ಜೋಡಿ ಉಣ್ಣು."

ಕಟ್ಟೆಯ ಮೇಲೆ ಜಮಖಾನೆ ಹಾಸಿತ್ತು. ಊರ ಹಿರಿಯರು ನಾಲ್ವರು ಕೂತಿದ್ದರು. ಅಂಥ ಮನೆಗಳಲ್ಲಿ ನಮ್ಮಪ್ಪ ಕಂಬಳಿ ಮಾರಲು ಬಂದಾಗ ಕಟ್ಟೆಯ ಕೆಳಗೆ ನಿಂತೇ ಮಾತಾಡಿ ಹೋಗುತ್ತಿದ್ದ. ನಾನು ಜಮಖಾನೆಯ ಮೇಲೆ, ಹಿರಿಯರ ಸಾಲಿನಲ್ಲಿ, ಚಕ್ಕಂಬಕ್ಕಳ ಹಾಕಿ ಕೂತೆ. ಲಕ್ಕವ್ವ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದಳು. ಕೊನೆಗೆ ಶೇಂಗಾ ಉಂಡಿ ಕೊಟ್ಟಳು. ಉಂಡಿ ಬಾಯಿಗಿಟ್ಟರೆ ಕರಗುವ ಹಾಗಿತ್ತು. ನಾನು ಹೊಗಳಿದೆ.

"ಎಲ್ಲಾ ಪಾಕದಾಗ ಐತಿ ಅಣ್ಣಾ" ಎಂದಳು. "ಬೆಲ್ಲ ಎಳಿ ಬಂದ ಕೂಡ್ಲೇ ಇಳಸಬೇಕು. ಒಂದೀಟು ಹೆಚ್ಚ ಕುದೀತಂದ್ರ ಕಹಿ ಆಗಿ ಕಟಕಟ ಮುರೀತೈತಿ."

"ಡಾಂಬರಕ್ಕೂ ಅದ ಹದ ನೋಡವ್ವ" ಎಂದೆ ನಾನು. ಎಷ್ಟು ಜಾಣನ ಹಾಗೆ ಹೇಳಿದೆ ಎಂದು ನೆನೆಸಿದರೆ ಈಗ ಕಿವಿ ಬಿಸಿಯಾಗುತ್ತದೆ.

ಹಿರಿಯರಲ್ಲೊಬ್ಬರು ಅದೇ ಮಾತು ಹಿಡಿದು ಕೇಳಿದರು. "ಎಷ್ಟ ವರ್ಷ ಬರ್ತೈತಪಾ ಇದು?"

"ನೆಟ್ಟಗ ನೋಡಿಕೊಂಡ್ರ ಇಪ್ಪತ್ತ ವರ್ಷ ಅಳ್ಳಾಡಂಗಿಲ್ಲರಿ" ಎಂದು ನಾನು ಕೈ ತೊಳೆಯುವುದನ್ನೂ ಮರೆತು ಶುರು ಹಚ್ಚಿಕೊಂಡೆ. ಪ್ರತಿ ಬೇಸಿಗೆ ಒಮ್ಮೆ ಬಗ್ಗಿ ನೋಡಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಮಳೆ ಬರುವುದರೊಳಗೆ ಡಾಂಬರು ಹೊಯ್ದು ಉಸುಕು ಒತ್ತಬೇಕು. ಅಂಚಿನಲ್ಲಿ ಹುಲ್ಲು ಬೆಳೆಯಗೊಡಬಾರದು, ಅದರ ಬೇರು ಕಲ್ಲನ್ನೂ ಎತ್ತುತ್ತದೆ. ಮಗ್ಗುಲ ಕಾಲುವೆಯಲ್ಲಿ ಕಸ ತುಂಬಿ ನೀರು ನಿಂತರೆ ಕೆಳಗಿನ ಗರಸು ಮೆತ್ತಗಾಗುತ್ತದೆ. ಜೀಪಿನಿಂದ ಡೀಸೆಲ್ ತೊಟ್ಟಿಕ್ಕಿದರೆ, ಚಿಮಣಿ ಎಣ್ಣೆ ಚೆಲ್ಲಿದರೆ, ಆಗಲೇ ಉಸುಕು ಹಾಕಿ ಎಳೆಯಬೇಕು. ಎಣ್ಣೆಗೆ ಡಾಂಬರು ಕರಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಮೇಲೆ ತೆಳ್ಳಗೆ ಒಂದು ಕೈ ಕೊಟ್ಟರೆ ಮತ್ತೆ ಹೊಸದಾಗುತ್ತದೆ. ಇದೆಲ್ಲ ಸುಳ್ಳಲ್ಲ, ಇವತ್ತಿಗೂ ನಿಜವೇ. ಆದರೆ ಅದನ್ನು ಹೇಳುತ್ತ ಕೂತ ಹೊತ್ತು ಸುಳ್ಳಾಯಿತು.

"ಮೇಸ್ತ್ರಿ, ಒಂದೀಟು ಬರ್ತೀರೇನು?" ಎಂದು ಕಾಸಿಮಸಾಬ ಒಲೆಯಿಂದ ಕೂಗಿದ.

"ಬರ್ತೀನಿ ತಡಿ. ಉರಿ ಸಣ್ಣ ಮಾಡು."

ಜಾಲಿ ಕಟ್ಟಿಗೆಯ ಕೆಂಡ. ಕೊಳ್ಳಿ ಹೊರಗೆಳೆದರೂ ಕೆಂಡ ಕೆಳಗೇ ಇರುತ್ತದೆ. ಕಾದ ಡ್ರಮ್ಮನ್ನು ಒಲೆಯಿಂದ ಇಳಿಸಲು ನಾಲ್ಕು ಜನ ಬೇಕು, ಇಳಿಸಿ ಎಂದು ಮೇಸ್ತ್ರಿ ಹೇಳಬೇಕು. ಸ್ವಲ್ಪ ಹೊತ್ತಿಗೆ ಅವನು ಕಟ್ಟೆಯ ಕೆಳಗೇ ಬಂದು ನಿಂತ.

"ಹೊಗಿ ಬಣ್ಣ ತಿರಗಾಕತ್ತೈತ್ರಿ."

ನಾನು ಆಗ ಮುಖ್ಯ ರಸ್ತೆಯ ಒಂದು ಸೇತುವೆಯ ಹತ್ತಿರ ಲಾರಿ ಹಾದರೂ ನನ್ನ ಡಾಂಬರು ಹೇಗೆ ಮಿಸುಕಲಿಲ್ಲ ಎಂದು ಹೇಳುತ್ತಿದ್ದೆ. ಮಾತು ತುಂಡಾದದ್ದಕ್ಕೆ ಸಿಟ್ಟು ಬಂತು.

"ಡಾಂಬರ ನನಗ ಕಲಸ್ತೀಯೇನಲೇ ಕಾಸಿಮ್ಯಾ?"

ಕಟ್ಟೆಯ ಮೇಲಿದ್ದವರು ನಕ್ಕರು. ಕಾಸಿಮಸಾಬ ನಗಲಿಲ್ಲ, ತಿರುಗಿ ಹೋದ. ನನಗೆ ಕೆಲಸ ಕಲಿಸಿದ ಹಿರಿಯನನ್ನು ನಾನು ಹಾಗೆ ಕರೆದದ್ದು ಅದೇ ಮೊದಲು.

ನಾನು ಎದ್ದು ಹೋದಾಗ ಹೊಗೆ ಹಳದಿಯಾಗಿ ದಟ್ಟವಾಗಿತ್ತು. ಕೋಲು ಅದ್ದಿ ಎತ್ತಿದೆ. ಒಳ್ಳೆಯ ಡಾಂಬರು ಎಳೆ ಎಳೆಯಾಗಿ ಇಳಿಯುತ್ತದೆ. ಇದು ನೀರಿನ ಹಾಗೆ ತೊಟ್ಟಿಕ್ಕಿತು, ಕೋಲಿಗೆ ಹತ್ತಿದ್ದು ಆರಿದ ಮೇಲೆ ಉಗುರಿಗೆ ಪುಡಿಯಾಯಿತು.

"ಸುಟ್ಟೈತಿ" ಎಂದ ಕಾಸಿಮಸಾಬ, ನನ್ನ ಮುಖ ನೋಡದೆ.

ಸುಟ್ಟದ್ದನ್ನು ಚೆಲ್ಲಿ ವಿಜಾಪುರದಿಂದ ಇನ್ನೊಂದು ಡ್ರಮ್ಮು ತರಿಸಿದ್ದರೆ ಎರಡು ದಿನ ತಡವಾಗುತ್ತಿತ್ತು, ಅಷ್ಟೆ. ಆದರೆ ಕಟ್ಟೆಯ ಮೇಲೆ ಐದು ಜನ ಎಲೆಯಡಿಕೆ ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಈಗಷ್ಟೇ ಹದದ ಬಗ್ಗೆ ಉಪದೇಶ ಮಾಡಿದವನು ನಾನು.

"ಸುಮ್ಮ ಹೊಯ್ಯಿ" ಎಂದೆ.

ಹೊಯ್ದೆವು. ಸುಟ್ಟ ಡಾಂಬರು ಒಳ್ಳೆಯದಕ್ಕಿಂತ ಹೆಚ್ಚು ಮಿಂಚುತ್ತದೆ, ಅದು ಬೇರೆ. ಸಣ್ಣ ಖಡಿ ಹರಡಿ, ಉಸುಕು ಚೆಲ್ಲಿ, ರೋಲರು ಎಳೆದ ಮೇಲೆ ಎಲ್ಲ ಒಂದೇ ಥರ ಕಂಡಿತು. ಮರುದಿನ ಸಾವಕಾರರು ಗೇಟಿನಿಂದ ಕಟ್ಟೆಗೆ ಜೀಪು ಓಡಿಸಿಕೊಂಡು ಬಂದರು. ಇಳಿದವರೇ ನನ್ನ ತಲೆಗೆ ಹಳದಿ ರುಮಾಲು ಸುತ್ತಿಸಿದರು. ಲಕ್ಕವ್ವ ಬಾಗಿಲಲ್ಲಿ ನಿಂತು ತನ್ನ ತವರೇ ಗೆದ್ದ ಹಾಗೆ ನೋಡುತ್ತಿದ್ದಳು. ನಾನು ಆ ರುಮಾಲು ಸುತ್ತಿಕೊಂಡೇ ತಿಕೋಟಾದ ಬಸ್ಸು ಇಳಿದೆ.

ಒಂದೂವರೆ ವರ್ಷ ಏನೂ ಸುದ್ದಿಯಿಲ್ಲ. ಸುಟ್ಟದ್ದೂ ನಿಲ್ಲುತ್ತದೇನೋ ಎಂದು ನನಗೆ ನಾನೇ ಹೇಳಿಕೊಂಡೆ. ೧೯೭೫ರ ದೀಪಾವಳಿಗೆ ಹದಿನೈದು ದಿನ ಇರುವಾಗ ಸಾವಕಾರರ ಆಳು ಬಂದು, ಅಂಗಳ ಕಿತ್ತಿದೆ, ಬರಬೇಕಂತೆ ಎಂದ. ಕಾಸಿಮಸಾಬನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹೋದೆ.

ಗೇಟಿನಿಂದ ನಲವತ್ತೈದು ಹೆಜ್ಜೆ ನಿನ್ನೆ ಹಾಕಿದ ಹಾಗೆ ಇತ್ತು. ಬಾಗಿಲ ಮುಂದಿನ ಹದಿನೈದು ಹೆಜ್ಜೆಯಲ್ಲಿ ಖಡಿ ಎದ್ದು ಅಲ್ಲಲ್ಲಿ ಕುಣಿ ಬಿದ್ದಿತ್ತು. ಬಿರುಕುಗಳು ಒಂದರೊಳಗೊಂದು ಸೇರಿದ್ದವು. ಕಾಲಿನಿಂದ ಒತ್ತಿದರೆ ಕಲ್ಲು ಒಣ ಅವಲಕ್ಕಿಯ ಹಾಗೆ ಬಿಡಿಬಿಡಿಯಾಗಿ ಬಂತು. ಕಾರಣವೇನೆಂದು ನೋಡುವ ಅಗತ್ಯವೇ ನನಗಿರಲಿಲ್ಲ.

ಸಾವಕಾರರು ಕಟ್ಟೆಯ ಮೇಲೆ ನಿಂತಿದ್ದರು. ವಿಜಾಪುರದಿಂದ ಬಂದ ಇಬ್ಬರು ವ್ಯಾಪಾರಿಗಳು ಪಕ್ಕದಲ್ಲಿದ್ದರು.

"ಇಪ್ಪತ್ತ ವರ್ಷ ಅಂದಿದ್ದೆಲ್ಲ ಮೇಸ್ತ್ರಿ? ಎರಡ ವರ್ಷ ತುಂಬಲಿಲ್ಲ. ಯಾಕ ಕೆಡ್ತು, ಹೇಳು."

ನಾನು ಬಗ್ಗಿ ಕೂತು ಸುಮ್ಮನೆ ಕಲ್ಲು ತಿರುವಿ ಹಾಕುತ್ತಿದ್ದೆ. ಆಗ ಕೈಗೆ ತೇವ ಹತ್ತಿತು. ಬೆಳಗಾದರೆ ಬಾಗಿಲ ಮುಂದೆ ಸಗಣಿ ನೀರು ಚಿಮುಕಿಸಿ ರಂಗೋಲಿ ಎಳೆಯುವುದಕ್ಕೆ ನಮ್ಮ ಕಡೆ ಥಳಿ ಹೊಡೆಯುವುದು ಎನ್ನುತ್ತಾರೆ. ಅವತ್ತಿನ ಥಳಿ ಇನ್ನೂ ಆರಿರಲಿಲ್ಲ. ಕಿತ್ತ ಖಡಿಯ ನಡುವೆಯೇ ಲಕ್ಕವ್ವ ಒಂದು ಎಂಟೆಸಳಿನ ರಂಗೋಲಿ ಹಾಕಿದ್ದಳು. ಕುಣಿ ಬಿದ್ದ ಕಡೆ ಗೆರೆ ಇಳಿದು ಮತ್ತೆ ಹತ್ತಿತ್ತು. ಅವಳು ಖಾಲಿ ಕೊಡ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೀರು" ಎಂದೆ. "ದಿನಾ ಮುಂಜಾನೆ ನೀರು ಬಿದ್ರ ಡಾಂಬರ ಬಾಳಂಗಿಲ್ಲರಿ."

ಎಲ್ಲರೂ ಲಕ್ಕವ್ವನ ಕಡೆ ತಿರುಗಿದರು. ಒಳ್ಳೆಯ ಡಾಂಬರಿನ ಮೇಲೆ ಒಂದು ಕೊಡ ನೀರು ಚಿಮುಕಿಸಿದರೆ ಅರ್ಧ ತಾಸಿಗೆ ಆರಿಹೋಗುತ್ತದೆ, ಅದರಿಂದ ಏನೂ ಆಗುವುದಿಲ್ಲ. ನಿಂತ ನೀರಿಗೂ ಚಿಮುಕಿಸಿದ ನೀರಿಗೂ ಇರುವ ಭೇದ ಅಲ್ಲಿ ಗೊತ್ತಿದ್ದದ್ದು ನನಗೆ ಮತ್ತು ಕಾಸಿಮಸಾಬನಿಗೆ.

"ಕೇಳಿದೇನು?" ಎಂದು ಸಾವಕಾರರು ವ್ಯಾಪಾರಿಗಳ ಎದುರಿಗೇ ಗುಡುಗಿದರು. "ಇಡೀ ತಾಲೂಕಿನಾಗ ಇಲ್ಲದ್ದು ಹಾಕಿಸಿದ್ದೆ. ಒಂದ ಅಂಗಳ ಕಾಯಾಕ ಬರಲಿಲ್ಲ ನಿನಗ. ಇವತ್ತಿಂದ ಈ ಬಾಗಿಲ ಮುಂದ ಒಂದ ಹನಿ ನೀರ ಬೀಳಬಾರದು."

ಲಕ್ಕವ್ವನ ಮುಖ ಕೆಂಪಾಯಿತು. ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನನಗ ತಿಳೀಲಿಲ್ಲ ಅಣ್ಣಾ" ಎಂದಳು. "ನಿನ್ನ ಕೆಲಸ ನಾನ ಕೆಡಿಸಿದೆ."

ಆಗಲಾದರೂ ಹೇಳಬಹುದಿತ್ತು. ನಾನು, "ಇರ್ಲಿ ಬಿಡವ್ವ" ಎಂದೆ. ಕ್ಷಮಿಸುವವನ ಹಾಗೆ ಎಂದೆ.

ಕಿತ್ತಲ್ಲಿ ತೇಪೆ ಹಾಕಿ ಸಂಜೆ ಬಸ್ಸಿಗೆ ನಿಂತಾಗ ಕಾಸಿಮಸಾಬ ತನ್ನ ಟವೆಲು ಜಾಡಿಸಿ ಹೆಗಲಿಗೆ ಹಾಕಿಕೊಂಡ.

"ನಾಳಿಂದ ನಾ ಬರಂಗಿಲ್ಲ ಶಂಕರೆಪ್ಪ. ಬ್ಯಾರೆ ಯಾರ್ನರ ನೋಡ್ಕೊ" ಎಂದ. ಬಹುವಚನ ಬಿಟ್ಟಿದ್ದ. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತ.

ಮರುವರ್ಷ ಪಂಚಮಿ ಮುಗಿದ ಮೇಲೆ ಒಂದು ದಿನ ವಿಜಾಪುರದಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನ ಮುಂದಿನ ಸೀಟಿನಲ್ಲಿ ಬಬಲೇಶ್ವರದ ಸತ್ಯವ್ವ ಎಂಬ ಹೆಂಗಸು ಇಬ್ಬರಿಗೆ ಒಂದು ಕತೆ ಹೇಳುತ್ತಿದ್ದಳು. ಅರ್ಧ ಬಸ್ಸು ಕೇಳುತ್ತಿತ್ತು.

"ನಮ್ಮ ಸಾವಕಾರ್ರ ಬಾಗಲಾ ಮುಂದ ವರ್ಷ ಆಗಾಕ ಬಂತು, ಥಳಿ ಇಲ್ಲ, ರಂಗೋಲಿ ಇಲ್ಲ. ಡಾಂಬರ ಕೆಡ್ತೈತಂತ. ಲಕ್ಕವ್ವನ ಅಣ್ಣ ಶಿವಯೋಗೆಪ್ಪ ಪಂಚಮಿಗೆ ತಂಗೀನ್ನ ಕರಿಯಾಕ ಬಂದಾನ, ಉಂಡಿ ಬುಟ್ಟಿ ಹೊತ್ಕೊಂಡು. ಗೇಟಿನಾಗ ನಿಂತು ನೋಡ್ತಾನ, ಹಬ್ಬದ ದಿನ ಬಾಗಲಾ ಒಣಾ ಒಣಾ. ಯಾರೋ ಸತ್ತಾರ ಅಂತ ತಿಳದು, ಬುಟ್ಟಿ ಅಲ್ಲೇ ಒಗದು, 'ಯವ್ವಾ ಲಕ್ಕವ್ವಾ, ಹೋದೇನಬೇ' ಅಂತ ಬಾಯಿ ಬಾಯಿ ಬಡ್ಕೊಂಡು ಅಳಾಕ ಹತ್ಯಾನ!"

ಬಸ್ಸಿನಲ್ಲಿ ದೊಡ್ಡ ನಗೆ ಎದ್ದಿತು. ಸಾವು ಆದ ಮನೆಯ ಮುಂದೆ ಮಾತ್ರ ಥಳಿ ಹೊಡೆಯುವುದಿಲ್ಲ, ರಂಗೋಲಿ ಎಳೆಯುವುದಿಲ್ಲ. ಅಷ್ಟು ದೂರದಿಂದ ಬುಟ್ಟಿ ಹೊತ್ತು ಬಂದ ಗಂಡಸು ಡಾಂಬರಿನ ಮೇಲೆ ಉರುಳಿ ಅತ್ತದ್ದನ್ನು ಸತ್ಯವ್ವ ಕೈ ಬಡಿದು ತೋರಿಸಿದಳು. ನಾನೂ ನಕ್ಕೆ. ಎಲ್ಲರ ಜೊತೆ, ಹಲ್ಲು ಬಿಟ್ಟು ನಕ್ಕೆ.

"ಲಕ್ಕವ್ವ ಹೊರಗ ಬಂದು, 'ಅಣ್ಣಾ, ನಾ ಇಲ್ಲೇ ಅದೀನಿ' ಅಂದ್ರೂ ಅಂವಗ ಕೇಳಸವಲ್ದು. ಓಣಿ ಮಂದಿ ಎಲ್ಲಾ ಕೂಡಿ ನಕ್ಕಾರ. ಅವತ್ತಿಂದ ಆಕಿ ನೀರಿಗೂ ಹೊರಗ ಬರವಲ್ಲಳು ನೋಡ್ರಿ."

ನನ್ನ ನಗು ಅಲ್ಲಿಗೆ ನಿಂತಿತು. ತಿಕೋಟಾ ಇನ್ನೂ ದೂರವಿತ್ತು. ಕಿಟಕಿಯ ಹೊರಗೆ ನನ್ನದೇ ರಸ್ತೆ ಹೋಗುತ್ತಿತ್ತು, ನಾನು ನೋಡಲಿಲ್ಲ. ಮನೆಗೆ ಬಂದು ಗುರುಬಾಯಿಗೆ ಎಲ್ಲ ಹೇಳಿದೆ, ಹಳದಿ ಹೊಗೆಯಿಂದ ಹಿಡಿದು. ಅವಳು ಬಹಳ ಹೊತ್ತು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳ್ತೀರಿ?" ಎಂದಳು ಆಮೇಲೆ. "ನನ್ನ ಬಾಗಲಾ ಹಸೀನ ಐತಿ."

ನಾನು ಹೋಗಲಿಲ್ಲ. ಇವತ್ತು ಹೋಗುತ್ತೇನೆ, ಸಂತೆಯ ದಿನ ಹೋಗುತ್ತೇನೆ ಎನ್ನುತ್ತ ಎಂಟು ತಿಂಗಳು ಕಳೆದೆ. ಹಳದಿ ರುಮಾಲನ್ನು ಟ್ರಂಕಿನ ತಳಕ್ಕೆ ಹಾಕಿದೆ. ಕೊನೆಗೆ ೧೯೭೭ರ ಬೇಸಿಗೆಯಲ್ಲಿ ಸಾವಕಾರರೇ ಹೇಳಿ ಕಳಿಸಿದರು. ತೇಪೆಯೂ ಎದ್ದಿತ್ತು. ಬಾಗಿಲ ಮುಂದಿನದನ್ನೆಲ್ಲ ಕಿತ್ತು ಹೊಸದಾಗಿ ಹಾಕಬೇಕಂತೆ. ಅಲ್ಲಿಗೆ ಹೋದರೆ ಲಕ್ಕವ್ವನ ಮುಖ ನೋಡಬೇಕಾಗುತ್ತದೆ ಎಂಬ ಅಂಜಿಕೆ ಒಂದೇ ನನ್ನ ತಲೆಯಲ್ಲಿತ್ತು.

ಹೋದ ದಿನ ಸಾವಕಾರರು ವಿಜಾಪುರದ ಪೇಟೆಗೆ ಹೋಗಿದ್ದರು. ನಾನು ಆಳುಗಳಿಂದ ಗುದ್ದಲಿ ಹೊಡೆಸಿ ಹಳೆಯದನ್ನು ಕೀಳಿಸುತ್ತಿದ್ದೆ. ಲಕ್ಕವ್ವ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದಿಟ್ಟಳು. ಮೊದಲಿಗಿಂತ ತೆಳ್ಳಗಾಗಿದ್ದಳು.

"ಒಂದ ಹನಿ ನೀರ ಹಾಕಿಲ್ಲ ಅಣ್ಣಾ" ಎಂದಳು, ನಾನು ಕೇಳುವ ಮೊದಲೇ. "ಆಣಿ ಮಾಡಿ ಹೇಳ್ತೀನಿ. ಒಂದೂವರಿ ವರ್ಷ ಆತು. ಮತ್ಯಾಕ ಕೆಡ್ತು?"

ನಾನು ತಂಬಿಗೆ ಎತ್ತಿ ನೀರು ಕುಡಿದೆ. ಅವಳು ಬಗ್ಗಿ, ಕಿತ್ತ ರಾಶಿಯಿಂದ ಒಂದು ಚೂರು ತೆಗೆದುಕೊಂಡಳು. ಅದು ಅವಳ ಬೆರಳಲ್ಲೇ ಮುರಿಯಿತು. ಆಳುಗಳು ಹಳೆಯದಕ್ಕೆ ಹೊಸದನ್ನು ಕೂಡಿಸಲು ಗೇಟಿನ ಕಡೆಯ ಒಳ್ಳೆಯ ಅಂಚನ್ನೂ ಒಂದು ಗೇಣು ಕತ್ತರಿಸಿದ್ದರು. ಅಲ್ಲಿಂದಲೂ ಒಂದು ತುಂಡು ಎತ್ತಿಕೊಂಡಳು. ಬಿಸಿಲಿಗೆ ಅದು ಮೆತ್ತಗಾಗಿ ಬಗ್ಗಿತು, ಮುರಿಯಲಿಲ್ಲ. ಬೆರಳಿಗೆ ಅಂಟಿಕೊಂಡಿತು. ಅವಳು ಎರಡನ್ನೂ ಎರಡು ಕೈಯಲ್ಲಿ ಹಿಡಿದು ನಿಂತಳು. ಒಂದನ್ನು ಬಗ್ಗಿಸಿದಳು, ಇನ್ನೊಂದರ ಅಂಚನ್ನು ಪುಡಿ ಮಾಡಿದಳು. ಕಣ್ಣೆತ್ತಿ ನನ್ನನ್ನು ನೋಡಿದಳು.

"ಇದು ಪಾಕ ಮೀರಿದ್ದು" ಎಂದಳು.

ನಾನು ತಂಬಿಗೆ ಕೆಳಗಿಟ್ಟೆ.

"ನೀರಿಗೆ ಕೆಟ್ಟದ್ದಲ್ಲ. ಸುಟ್ಟದ್ದು. ಅವತ್ತ ಆ ಮುದುಕ ಎರಡ ಸಲ ಕರದ. ನಾ ಉಂಡಿ ನೀಡಾಕತ್ತಿದ್ದೆ, ನನಗ ನೆನಪೈತಿ." ಅವಳ ದನಿ ಏರಲಿಲ್ಲ. "ನಿಮಗ ಗೊತ್ತಿತ್ತೇನ್ರಿ?"

ಅಣ್ಣಾ ಎನ್ನುವುದು ಅಲ್ಲಿಗೆ ನಿಂತಿತು. ನಾನು ತಲೆ ತಗ್ಗಿಸಿಕೊಂಡೇ, "ಗೊತ್ತಿತ್ತವ್ವ" ಎಂದೆ.

"ನೀರು ಅಂದಾಗ?"

"ಆವಾಗೂ ಗೊತ್ತಿತ್ತು."

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎರಡೂ ತುಂಡುಗಳನ್ನು ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಳು.

"ನಾಳೆ ಅವರು ಇರ್ತಾರ. ಮಂದಿನೂ ಬರ್ತೈತಿ. ಹೇಳ್ರಿ ಮೇಸ್ತ್ರಿ" ಎಂದು ಒಳಗೆ ಹೋದಳು.

ಮರುದಿನ ನಾನು ಒಲೆಯ ಮುಂದಿನಿಂದ ಕದಲಲಿಲ್ಲ. ಉಣ್ಣಲು ಕರೆದರು, ಹೋಗಲಿಲ್ಲ. ಹೊಗೆ ನೋಡುತ್ತ, ಕೋಲು ಅದ್ದಿ ಎಳೆ ನೋಡುತ್ತ ನಿಂತೆ. ಸಂಜೆಗೆ ಕೆಲಸ ಮುಗಿಯಿತು. ಸಾವಕಾರರು, ಅವರ ಮನೆಗೆ ಬರುವ ಹಿರಿಯರು ಕಟ್ಟೆಯ ಮೇಲೆ ಸೇರಿದ್ದರು. ನಾನು ಕೆಳಗೆ ನಿಂತುಕೊಂಡೇ ಹೇಳಿದೆ.

"ಸಾವಕಾರ್ರ, ಆವಾಗ ಡಾಂಬರ ಸುಟ್ಟಾಂವ ನಾನು. ತಂಗೆವ್ವನ ನೀರಿಂದ ಕೆಟ್ಟಿಲ್ಲರಿ. ನಾ ಸುಳ್ಳ ಹೇಳಿದ್ದೆ."

ಬಸಗೊಂಡಪ್ಪ ಸಾವಕಾರರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ತೊಡೆ ತಟ್ಟಿ ನಕ್ಕರು.

"ನೋಡ್ರೆಪಾ, ತವರೂರಾಂವ ಅಂದ್ರ ಹಿಂಗಿರಬೇಕು. ಊರ ಮಗಳ ತಪ್ಪನ್ನ ತನ್ನ ತಲಿ ಮ್ಯಾಲ ಹೊತ್ಕೊಂಡ!"

"ಖರೇ ಹೇಳಾಕತ್ತೀನ್ರಿ."

"ಆತು ಬಿಡು, ನೀ ದೊಡ್ಡ ಮನಶ್ಯಾ" ಎಂದರು ಹಿರಿಯರೊಬ್ಬರು. ನನಗೆ ಚಹಾ ತರಿಸಿದರು. ಒಳಬಾಗಿಲ ಹಿಂದೆ ಲಕ್ಕವ್ವನ ಸೀರೆಯ ಅಂಚು ಕಾಣುತ್ತಿತ್ತು. ನಾನು ಸತ್ಯ ಹೇಳಿದ್ದಕ್ಕೆ ಮರ್ಯಾದೆ ನನಗೇ ಬಂತು, ತಪ್ಪು ಅವಳಲ್ಲೇ ಉಳಿಯಿತು. ಚಹಾ ಕುಡಿಯಲಾಗಲಿಲ್ಲ.

ರಾತ್ರಿ ಊರಿಗೆ ಹೋಗಿ, ಮುಂಜಾನೆ ಮೊದಲ ಬಸ್ಸಿಗೆ ಮತ್ತೆ ಬಂದೆ. ಹೆಚ್ಚಾದ ಉಸುಕು ಗುಡಿಸಬೇಕು ಎಂಬ ನೆಪ ಇತ್ತು. ಟ್ರಂಕಿನಿಂದ ತೆಗೆದ ಹಳದಿ ರುಮಾಲು ಬಗಲಲ್ಲಿತ್ತು. ಲಕ್ಕವ್ವ ಕಟ್ಟೆಯ ಮೇಲೆ ನಿಂತಿದ್ದಳು.

"ಯಾರರ ನಂಬಿದ್ರೇನು?" ಎಂದಳು.

"ಇಲ್ಲವ್ವ."

"ಮಂದಿ ನಂಬೂಹಂಗ ನೀವು ಹೇಳಿದ್ದು ಆ ನೀರಿನ ಸುಳ್ಳೊಂದ" ಎಂದಳು. ಒಳಗೆ ಹೋಗಿ ಕೊಡ ತಂದಳು. ಸಗಣಿ ಕಲಸಿದ ನೀರು ತುಂಬಿತ್ತು. ನನ್ನ ಮುಂದೆ ಚಾಚಿದಳು. "ತಗೋರಿ. ನೀವ ಹೊಡೀರಿ."

ನಮ್ಮ ಸೀಮೆಯಲ್ಲಿ ಗಂಡಸು ಥಳಿ ಹೊಡೆದದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ರಸ್ತೆಯಲ್ಲಿ ಹೊಲಕ್ಕೆ ಹೋಗುವವರು, ನೀರಿಗೆ ಹೋಗುವ ಹೆಂಗಸರು ಇದ್ದರು. ನಾನು ರುಮಾಲನ್ನು ಕಟ್ಟೆಯ ಮೇಲಿಟ್ಟೆ. ಧೋತರ ಎತ್ತಿ ಕಟ್ಟಿ, ಕೊಡವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಅದ್ದಿ ಚಿಮುಕಿಸತೊಡಗಿದೆ. ಕೈಗೆ ರೂಢಿಯಿಲ್ಲದೆ ನೀರು ಒಂದೇ ಕಡೆ ದೊಪ್ಪೆಂದು ಬಿತ್ತು. ಗೇಟಿನ ಹೊರಗೆ ಯಾರೋ, "ಏ ಇಲ್ಲಿ ಬರ್ರೇ, ಮೇಸ್ತ್ರಿ ಥಳಿ ಹೊಡ್ಯಾಕತ್ತಾನ!" ಎಂದು ಕೂಗಿದರು. ಹತ್ತು ಹದಿನೈದು ಜನ ಕೂಡಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಮತ್ತೆ ಕೈ ಅದ್ದಿದೆ. ನಿಲ್ಲಿಸಲಿಲ್ಲ.

ಗದ್ದಲಕ್ಕೆ ಸಾವಕಾರರು ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದರು.

"ಲೇ ಮೇಸ್ತ್ರಿ, ತಲಿ ನೆಟ್ಟಗ ಐತೇನು? ನಿನ್ನಿ ಹಾಕಿದ ಡಾಂಬರ ಅದು!"

"ನೀರಿಗೆ ಏನೂ ಆಗಂಗಿಲ್ಲರಿ."

"ಅವತ್ತ ನೀ ಏನ ಹೇಳಿದ್ದಿ?"

"ಅವತ್ತ ಸುಳ್ಳ ಹೇಳಿದ್ದೆ. ನಾಳೆ ಮುಂಜಾನೆನೂ ಹೊಡೀರಿ, ದಿನಾ ಹೊಡೀರಿ. ಇದು ಕೆಟ್ರ ನನ್ನ ಕೈ ಕೆಟ್ಟಂಗ." ಕಟ್ಟೆಯ ಮೇಲೆ ಲಕ್ಕವ್ವ ಇಟ್ಟಿದ್ದ ಎರಡು ತುಂಡು ಅಲ್ಲೇ ಇದ್ದವು. ಒಂದನ್ನು ಎಲ್ಲರ ಎದುರಿಗೆ ಹೆಬ್ಬೆರಳಿನಿಂದ ಪುಡಿ ಮಾಡಿದೆ. ಇನ್ನೊಂದನ್ನು ಸಾವಕಾರರ ಕೈಗೆ ಕೊಟ್ಟೆ. "ಇದು ಗೇಟಿನ ಕಡೇದು. ಮುರದ ತೋರಸ್ರಿ."

ಅವರು ಎರಡೂ ಕೈಯಿಂದ ಬಗ್ಗಿಸಿ ನೋಡಿದರು. ಬೇವಿನ ಕಡ್ಡಿ ಬಾಯಿಂದ ಬಿತ್ತು. ನನಗೆ ಹೊಡೆಯುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿದರು.

"ರಂಗೋಲಿ ಡಬ್ಬಿ ಎಲ್ಲೈತಿ?" ಎಂದು ಕೇಳಿದರು, ಸಣ್ಣ ದನಿಯಲ್ಲಿ.

ಲಕ್ಕವ್ವ ತಾನೇ ತಂದಳು. ನಾನು ಚೆಲ್ಲಿದ ನೀರು ಆರುವ ಮೊದಲು ಕೂತು ಚುಕ್ಕಿ ಇಟ್ಟಳು. ಒಂದೂವರೆ ವರ್ಷ ಬಿಟ್ಟ ಕೈ, ಮೊದಲ ಗೆರೆ ಅಂಕುಡೊಂಕಾಯಿತು. ಅಳಿಸಿ ಮತ್ತೆ ಎಳೆದಳು. ಗೇಟಿನ ಹೊರಗೆ ಈಗ ಯಾರೂ ನಗುತ್ತಿರಲಿಲ್ಲ. ಎದ್ದು ಕೈ ಜಾಡಿಸಿಕೊಂಡು ನನ್ನ ಹತ್ತಿರ ಬಂದು ಖಾಲಿ ಕೊಡ ತೆಗೆದುಕೊಂಡಳು.

"ಪಂಚಮಿಗೆ ನಮ್ಮಣ್ಣ ಬರ್ತಾನ" ಎಂದಳು. "ಅವನ ಮುಂದೂ ಒಂದ ಸಲ ಹೇಳಬೇಕ್ರಿ."

ಪಂಚಮಿಗೆ ಹೋದೆ, ಬರಿದಲೆಯಲ್ಲಿ. ಅಂಗಳ ಹಸಿಯಿತ್ತು, ಬಾಗಿಲ ತುಂಬ ರಂಗೋಲಿ ಇತ್ತು, ಡಾಂಬರು ಎಲ್ಲಿಯೂ ಒಂದು ಕಲ್ಲು ಬಿಟ್ಟಿರಲಿಲ್ಲ. ಶಿವಯೋಗೆಪ್ಪ ಉಂಡಿಯ ಬುಟ್ಟಿ ಹೊತ್ತು ಗೇಟಿನಲ್ಲಿ ಬಂದು ನಿಂತ. ಮೊದಲು ಬಾಗಿಲ ಕಡೆ ನೋಡಿದ, ಆಮೇಲೆ ಒಳಗೆ ಕಾಲಿಟ್ಟ.

"ಬರ್ರಿ ಮೇಸ್ತ್ರಿ, ಹತ್ರ ಬರ್ರಿ" ಎಂದು ಲಕ್ಕವ್ವ ನನ್ನನ್ನು ಕರೆದಳು.

"ಮೇಸ್ತ್ರಿ ಅಂತೀಯಲ್ಲಬೇ? ನಮ್ಮ ಶಂಕರೆಪ್ಪಣ್ಣ ಅಲ್ಲೇನಿಂವ?" ಎಂದ ಶಿವಯೋಗೆಪ್ಪ.

"ಹೇಳ್ತಾರ, ಕೇಳು" ಎಂದಳು.

ನಾನು ಹೇಳಿದೆ. ಜಮಖಾನೆ, ಉಂಡಿ, ಕಾಸಿಮಸಾಬನ ಎರಡು ಕೂಗು, ಹಳದಿ ಹೊಗೆ, ಥಳಿ, ಎಲ್ಲ ಬಿಡದೆ ಹೇಳಿದೆ. ಶಿವಯೋಗೆಪ್ಪ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಕೇಳಿದ. ಅವನ ಕಣ್ಣು ತಾನು ಹೋದ ವರ್ಷ ಉರುಳಿ ಅತ್ತ ಜಾಗದಲ್ಲಿತ್ತು.

"ಊರೆಲ್ಲ ನಕ್ಕಿತ್ತು ನನ್ನ ನೋಡಿ" ಎಂದ. "ಬಿಜ್ಜರಗಿ ತನಕ ಸುದ್ದಿ ಬಂತು. ನೀನೂ ನಕ್ಕಿದ್ದೇನು?"

ಇಲ್ಲ ಎನ್ನಲು ಬಾಯಿ ತೆರೆದೆ. ಲಕ್ಕವ್ವ ನನ್ನ ಮುಖ ನೋಡುತ್ತಿದ್ದಳು.

"ನಕ್ಕಿದ್ದೆ" ಎಂದೆ.